ಬಾಗಿಲಡಿ ಸಿಕ್ಕಿಕೊಂಡ ಕಾಲೊರಸು

ಮನೆ, ಮಂಚದ ಮೇಲಿಂದ
ಗುರುವಾರ ಕಳೆದು ಶುಕ್ರವಾರ, ರಾತ್ರಿ ಎರಡೂ ಮುಕ್ಕಾಲು

ಪ್ರೀತಿಯ ಅಮ್ಮಾ,

ಎರಡೂವರೆಗೆ ಒಂದು ಸದ್ದಿಗೆ ಎಚ್ಚರವಾಯಿತು. ಕಟಕ್ ಅಂತ, ಒಣಕಡ್ಡಿ ಮುರಿದ ಹಾಗೆ. ಪುಟ್ಟಿ ತೊಟ್ಟಿಲಿನಿಂದ ಏನಾದರೂ ಬೀಳಿಸಿದಳೇನೋ ಅಂದುಕೊಂಡೆ. ಅವಳು ಅಂಗಾತ ಮಲಗಿ ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿದ್ದಳು. ಕಿಟಕಿ ನೋಡಿದೆ, ಮುಚ್ಚಿತ್ತು. ಆಮೇಲೆ ಮಗ್ಗುಲು ಬದಲಿಸಲು ಹೋದೆ ನೋಡು, ಆಗ ಗೊತ್ತಾಯಿತು ಸದ್ದು ಎಲ್ಲಿಂದ ಬಂದದ್ದು ಅಂತ. ಬಲ ಮೊಣಕಾಲು ಅರ್ಧ ಮಡಿಸಿದಲ್ಲೇ ನಿಂತುಬಿಟ್ಟಿದೆ. ನೆಟ್ಟಗೂ ಆಗುವುದಿಲ್ಲ, ಪೂರ್ತಿ ಮಡಚಲೂ ಬರುವುದಿಲ್ಲ. ದಿಂಬನ್ನು ಅಡಿಗಿಟ್ಟುಕೊಂಡು, ಗೋಡೆಗೆ ಒರಗಿ ಕೂತು ಇದನ್ನು ಬರೆಯುತ್ತಿದ್ದೇನೆ.

ನೀನು ಹೇಗಿದ್ದೀಯಮ್ಮಾ? ಎದೆ ಡವಗುಟ್ಟುತ್ತಿದ್ದರೂ ಮೊದಲು ಕ್ಷೇಮ ಕೇಳಬೇಕು ಅಂತ ಕಲಿಸಿದವಳು ನೀನೇ, ಅದಕ್ಕೇ ಕೇಳುತ್ತಿದ್ದೇನೆ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಹಾಸ್ಟೆಲಿನ ಬಾಯ್ಲರು ರಿಪೇರಿ ಆಯಿತೋ, ಇಲ್ಲಾ ಹುಡುಗಿಯರು ಇನ್ನೂ ಬಕೆಟ್ ಹಿಡಿದುಕೊಂಡು ನಿನ್ನ ಕೋಣೆಯ ಮುಂದೆಯೇ ಸಾಲು ನಿಲ್ಲುತ್ತಾರೋ? ನೀನು ಇಲ್ಲಿಗೆ ಬಂದಿರುವಷ್ಟು ದಿನ ನಿನ್ನ ಜಾಗದಲ್ಲಿ ವಾರ್ಡನ್ ಆಗಿರಲು ಯಾರೋ ಒಪ್ಪಿದ್ದಾರೆ ಅಂದಿದ್ದೆಯಲ್ಲ, ಅವರು ಕೈಕೊಟ್ಟಿಲ್ಲವಷ್ಟೆ? ಮತ್ತೆ ನಿನ್ನ ಮೊಣಕಾಲು ಹೇಗಿದೆ? ಈ ಪ್ರಶ್ನೆಗೆ ನೀನು ಪ್ರತಿ ಸಲವೂ 'ಕುದುರೆ ಹಾಗಿದೆ' ಅನ್ನುತ್ತೀಯ. ಈ ಸಲ ಹಾಗನ್ನಬೇಡ.

ಇಷ್ಟು ಹೊತ್ತಿನಲ್ಲಿ ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಾ ಕೂತಿದ್ದಾಳಲ್ಲ ಅನ್ನಿಸಬಹುದು ನಿನಗೆ. ಅಪ್ಪನ ಸುದ್ದಿ ಬಂದದ್ದು ರಾತ್ರಿ ಫೋನಿನಲ್ಲಿ. ಅವತ್ತಿನಿಂದ ನಾನೂ ತಮ್ಮನೂ ಮಾತಾಡಿಕೊಂಡು ಒಂದು ಕಟ್ಟಳೆ ಇಟ್ಟುಕೊಂಡಿದ್ದೇವೆ, ನಿನಗೆ ಹೇಳಿರಲಿಲ್ಲ. ಏನೇ ಆಗಲಿ, ಕತ್ತಲಿರುವಾಗ ಅಮ್ಮನ ಫೋನ್ ಬಾರಿಸಬಾರದು. ಒಂದು ಸಲ ಅವನು ಮರೆತು, ರೈಲು ತಡವಾಗಿದೆ ಅಂತ ಹೇಳಲು ನಡುರಾತ್ರಿ ಮಾಡಿದ್ದನಲ್ಲ, ನೀನು ಹಲೋ ಅನ್ನಲಿಲ್ಲವಂತೆ. 'ಯಾರು ಹೋದರು?' ಅಂದೆಯಂತೆ. ಅದನ್ನು ಹೇಳುವಾಗ ಅವನ ಮುಖ ನೋಡಿದ್ದೇನೆ, ಆ ಧೈರ್ಯ ನನಗಿಲ್ಲ. ಆದ್ದರಿಂದ ಇದನ್ನು ಬರೆದು ಮುಗಿಸಿ, ಹಾಳೆಗಳ ಫೋಟೋ ತೆಗೆದು, ಸದ್ದಿಲ್ಲದೆ ನಿನ್ನ ಫೋನಿಗೆ ಕಳಿಸುತ್ತೇನೆ. ಬಾಯ್ಲರು ಕೆಟ್ಟಿರಲಿ ಬಿಡಲಿ, ನೀನು ನಾಲ್ಕಕ್ಕೆ ಏಳುತ್ತೀಯ, ಕನ್ನಡಕಕ್ಕಿಂತ ಮುಂಚೆ ಫೋನಿಗೇ ಕೈ ಹಾಕುತ್ತೀಯ, ಅದು ನನಗೆ ಗೊತ್ತು. ಟೈಪ್ ಮಾಡಬಹುದಿತ್ತು. ಆದರೆ ಬರೆಯುವಾಗ ಒಂದು ಕೈ ಪೆನ್ನು ಹಿಡಿದಿರುತ್ತದೆ, ಇನ್ನೊಂದು ಹಾಳೆ ಜಾರದಂತೆ ಒತ್ತಿಕೊಂಡಿರುತ್ತದೆ. ಈಗ ನನ್ನ ಎರಡೂ ಕೈಗಳಿಗೆ ಕೆಲಸ ಬೇಕು. ಯಾಕೆಂದು ಹೇಳುತ್ತೇನೆ. ಹಾಳೆಯ ಹಿಂದುಗಡೆ ಬಾಗಿಲು, ಚೌಕಟ್ಟುಗಳ ಗೆರೆ ಕಂಡರೆ ಗಾಬರಿಯಾಗಬೇಡ, ಕಚೇರಿಯಿಂದ ತಂದ ರದ್ದಿ ನಕ್ಷೆಗಳು, ಕೈಗೆಟುಕಿದ್ದು ಇವೇ.

ಇವರು ರಾತ್ರಿ ಪಾಳಿಗೆ ಹೋಗಿದ್ದಾರೆ. ಬೈಯಬೇಡ. ಇವತ್ತು ನನ್ನ ಮೊಣಕಾಲಿನ ಆಪರೇಷನ್ ಆದಮೇಲೆ ನನ್ನ ಜೊತೆ ಇರಲು ರಜೆ ಬೇಕಿದ್ದರೆ ಈ ರಾತ್ರಿ ಒಂದು ದುಡಿಯಲೇಬೇಕು ಅಂದರಂತೆ ಮೇಲಿನವರು. ಆ ಶೀತಲಗೃಹದೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಬೆಳಿಗ್ಗೆ ಆರರ ಸುಮಾರಿಗೆ ಬರುತ್ತಾರೆ, ಬಂದ ಕೂಡಲೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನನ್ನನ್ನು ಎಬ್ಬಿಸದೆ ಒಳಗೆ ಬರಲೆಂದು ಹೊರಗಿನಿಂದ ಬೀಗ ತಿರುಗಿಸಿಕೊಂಡು ಹೋದರು. ಅಷ್ಟು ಕಾಳಜಿಯ ಮನುಷ್ಯ. ಈಗ ಕೆಳಗಿನ ಮನೆಯ ಗಡಿಯಾರದ ಮಾಮನನ್ನು ಕೂಗಿದರೂ ಅವರು ಒಳಗೆ ಬರಲಾರರು. ಬೀಗದ ಕೈ ಇವರ ಕೋಟಿನ ಜೇಬಿನಲ್ಲಿ ಮಂಜುಗಡ್ಡೆಯ ಮಧ್ಯೆ ಓಡಾಡುತ್ತಿದೆ.

ಅಮ್ಮಾ, ನಮ್ಮ ಮನೆಯ ಆ ವಿದ್ಯೆ ನೆನಪಿದೆಯಲ್ಲ, ನೆನಪೇನು, ನೀನೇ ಅದರ ಗುರು. ನಿನ್ನ ಮೊಣಕಾಲು ಸಿಕ್ಕಿಕೊಂಡಾಗಲೆಲ್ಲ ಮಂಚದ ಅಂಚಿಗೆ ಸರಿದು ಕೂತು, ಕಾಲು ಇಳಿಬಿಟ್ಟು, ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಒಳಕ್ಕೆ ತಿರುವಿ, ಅಲುಗಾಡಿಸಿ, ಒಂದೇ ಏಟಿಗೆ ಒದ್ದುಬಿಡುತ್ತಿದ್ದೆ. ಕಟಕ್. 'ಬಂತು ನೋಡು ದಾರಿಗೆ' ಅನ್ನುತ್ತಿದ್ದೆ, ಮಾತು ಕೇಳದ ಹುಡುಗನಿಗೆ ಒಂದು ಬಿಟ್ಟು ಬುದ್ಧಿ ಕಲಿಸಿದ ಹಾಗೆ. ನಾನೂ ತಮ್ಮನೂ ಚಪ್ಪಾಳೆ ತಟ್ಟುತ್ತಿದ್ದೆವು. ಅಪ್ಪ ಪೇಪರಿನ ಹಿಂದಿನಿಂದಲೇ 'ನಿಮ್ಮಮ್ಮ ಇರೋವರೆಗೂ ನಮ್ಮನೆಗೆ ಬೀಗ ರಿಪೇರಿಯವನು ಬೇಡ' ಅನ್ನುತ್ತಿದ್ದರು. ನಮಗದು ಕಾಯಿಲೆ ಅಂತ ಅನ್ನಿಸಲೇ ಇಲ್ಲ. ಕೆಲವರ ಮನೆಯಲ್ಲಿ ಸೀನು ಜೋರು, ಕೆಲವರ ಮನೆಯಲ್ಲಿ ಗೊರಕೆ ಜೋರು, ನಮ್ಮ ಮನೆಯಲ್ಲಿ ಮೊಣಕಾಲು ಅಂತಲೇ ಬೆಳೆದೆವು.

ನನ್ನ ಮೊಣಕಾಲು ಕೆಟ್ಟದ್ದು ಅಡುಗೆಮನೆಯಲ್ಲಿ, ಹಾಲು ಉಕ್ಕುವ ಹೊತ್ತಿಗೆ. ಪುಟ್ಟಿ ಡಬ್ಬಗಳನ್ನೆಲ್ಲ ಎಳೆದು ಹರಡಿಕೊಂಡಿದ್ದಳು. ಅವಳನ್ನು ಸೊಂಟಕ್ಕೇರಿಸಿಕೊಂಡು ಕುಕ್ಕರಗಾಲಿನಿಂದ ಏಳುತ್ತಾ ಏಳುತ್ತಲೇ ಒಲೆ ಕಡೆ ತಿರುಗಿದೆ. ಮೈ ತಿರುಗಿತು, ರಬ್ಬರಿನ ಕಾಲೊರಸಿನ ಮೇಲಿದ್ದ ಪಾದ ತಿರುಗಲಿಲ್ಲ. ಒಳಗೆ ಏನೋ ಪಟ್ ಅಂದಿತು. ದೊಡ್ಡ ನೋವೇನಲ್ಲ, ಆದ್ದರಿಂದಲೇ ಮೋಸಹೋದೆ. ಒಲೆ ಆರಿಸಿದೆ, ಮಗುವಿಗೆ ಹಾಲು ಕುಡಿಸಿದೆ, ಕಚೇರಿಗೂ ಹೋದೆ. ಮರುದಿನ ಮೊಣಕಾಲು ಊದಿಕೊಂಡಿತು. ಉಳುಕಿರಬೇಕು ಅಂತ ಮುಲಾಮು ಹಚ್ಚಿದೆ. ಊತವೇನೋ ಇಳಿಯಿತು, ಆದರೆ ಆಮೇಲೊಂದು ದಿನ ಕುರ್ಚಿಯಿಂದ ಏಳಲು ಹೋದರೆ ಕಾಲು ಬರಲೊಲ್ಲದು. ಪಕ್ಕದ ಮೇಜಿನವಳು ಹೆದರಿ ಆಟೋ ಕರೆಸಲಾ ಅಂದಳು. ನಾನು ನಕ್ಕು, ಮೇಜಿನ ಕೆಳಗೇ ಪಾದ ಹಿಡಿದು, ತಿರುವಿ, ಒದ್ದೆ. ಕಟಕ್. ಸಂಜೆ ನಿನಗೆ ಫೋನ್ ಮಾಡಿ ಹೇಳಿದಾಗ ನೀನೆಷ್ಟು ನಕ್ಕೆ. 'ನನ್ನ ಮಗಳು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು' ಅಂದೆ. ನನಗೂ ಹೆಮ್ಮೆಯೇ ಆಗಿತ್ತಮ್ಮಾ. ಅಲ್ಲಿಂದ ಮುಂದೆ ಎಷ್ಟು ಸಲ ಹಾಗೆ ಮಾಡಿದೆನೋ ಲೆಕ್ಕವಿಟ್ಟಿಲ್ಲ. ಬಚ್ಚಲಲ್ಲಿ, ಬಸ್ಸಿನಲ್ಲಿ, ಪುಟ್ಟಿಯನ್ನು ಮಲಗಿಸುವಾಗ. ಇವರು ಡಾಕ್ಟರಿಗೆ ತೋರಿಸೋಣ ಅಂದಾಗಲೆಲ್ಲ 'ನಮ್ಮಮ್ಮನಿಗೆ ನನ್ನ ವಯಸ್ಸಿನಿಂದಲೂ ಇದೆ, ಏನಾಗಿದೆ ಅವಳಿಗೆ?' ಅಂತ ಬಾಯಿ ಮುಚ್ಚಿಸಿದೆ.

ಹೋದ ತಿಂಗಳು ಮೆಟ್ಟಿಲ ಮೇಲೆ ಆದದ್ದನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಕಾಲು ಜಾರಿತು, ಕೂತುಕೊಂಡೆ, ಅಷ್ಟೇ ಅಂದಿದ್ದೆ. ಜಾರಲಿಲ್ಲಮ್ಮಾ. ಪುಟ್ಟಿಯನ್ನೆತ್ತಿಕೊಂಡು ಇಳಿಯುತ್ತಿದ್ದೆ. ತಿರುವಿನಲ್ಲಿ ಬಲಗಾಲು ಕೆಳಗಿಡಲು ಹೋದರೆ ಅದು ನೆಟ್ಟಗಾಗಲೇ ಇಲ್ಲ. ಮೆಟ್ಟಿಲು ಅಲ್ಲಿತ್ತು, ಕಾಲು ಅಲ್ಲಿಗೆ ಮುಟ್ಟಲಿಲ್ಲ. ಹೇಗೋ ಹಿಂದಕ್ಕೆ ವಾಲಿ ದೊಪ್ಪನೆ ಕೂತೆ. ಅವಳ ತಲೆ ಕಬ್ಬಿಣದ ಕಂಬಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಅವಳಿಗದು ಆಟ, ಕಿಲಕಿಲ ನಕ್ಕಳು. ಸದ್ದಿಗೆ ಹೊರಬಂದ ಗಡಿಯಾರದ ಮಾಮ ರಿಪೇರಿಗೆಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ ಓಡಿಬಂದು, 'ಮೊದಲು ಮಗು ಕೊಡಿ, ನೀವು ಬೇಕಾದ್ರೆ ಅಲ್ಲೇ ಇರಿ' ಅಂದರು. ನಾನು ನಗಬೇಕೆಂದು ಅಂದದ್ದು. ನಗು ಬರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಕಂಬಿಯೇ ಕಾಣುತ್ತದೆ. ನನ್ನ ನೆಮ್ಮದಿಯ ನಿದ್ದೆ ಅವತ್ತಿಗೇ ಹೋಯಿತು.

ಡಾಕ್ಟರು ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕಾಲು ಮಡಿಸಿ, ತಿರುವಿ, ಕೀಲಿನ ಸಂದಿನಲ್ಲಿ ಹೆಬ್ಬೆರಳು ಒತ್ತಿದರು. ನಾನು ಮಂಚದಿಂದ ಒಂದು ಗೇಣು ಮೇಲೆ ಹಾರಿದೆ. ಎಂಆರ್‌ಐ ಮಾಡಿಸಿದರು, ಕೊಳವೆಯೊಳಗೆ ಮಲಗಿಸಿ ಸುತ್ತ ತಗಡು ಬಡಿದ ಹಾಗೆ ಸದ್ದು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಎರಡು ಮೆತ್ತೆಗಳಿರುತ್ತವಂತೆ, ಎಳೆ ಚಂದ್ರನ ಆಕಾರ, ಒಳಗಡೆಗೊಂದು ಹೊರಗಡೆಗೊಂದು. ಮೆನಿಸ್ಕಸ್ ಅಂತ ಹೆಸರು. ಮೈಭಾರವೆಲ್ಲ ಮೂಳೆಯ ಮೇಲೆ ನೇರವಾಗಿ ಬೀಳದಂತೆ ಹಂಚಿಕೊಳ್ಳುವುದು ಇವೇ. ನನ್ನ ಒಳಗಡೆಯ ಮೆತ್ತೆ ಉದ್ದಕ್ಕೆ ಸೀಳಿದೆ. ಸೀಳಿದ ಭಾಗ ಎರಡು ತುದಿಗಳಲ್ಲಿ ಅಂಟಿಕೊಂಡು, ನಡುವೆ ಬಿಟ್ಟುಕೊಂಡು, ಬಕೆಟ್ಟಿನ ಹಿಡಿಯ ಹಾಗೆ ಅತ್ತಿಂದಿತ್ತ ಮಗುಚಿಕೊಳ್ಳುತ್ತದೆ. ಮಗುಚಿ ಕೀಲಿನ ನಡುವೆ ಬಂದರೆ ಕಾಲು ಸಿಕ್ಕಿಕೊಳ್ಳುತ್ತದೆ. ಬಾಗಿಲಡಿ ಕಾಲೊರಸು ಮಡಚಿಕೊಂಡು ಸಿಕ್ಕಿಹಾಕಿಕೊಂಡ ಹಾಗಾ ಅಂತ ಕೇಳಿದೆ. ದಿನವಿಡೀ ಮನೆಗಳ ನಕ್ಷೆಯಲ್ಲಿ ಬಾಗಿಲು ಎಷ್ಟು ತೆರೆಯುತ್ತದೆ ಅಂತ ಕಮಾನು ಎಳೆಯುವವಳಿಗೆ ಇನ್ನೇನು ಹೊಳೆದೀತು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಇನ್ನುಮೇಲೆ ಎಲ್ಲರಿಗೂ ಹಾಗೆಯೇ ಹೇಳುತ್ತೇನೆ ಅಂದರು.

ಆ ನಗು ನೋಡಿ ನನಗೂ ಹುಮ್ಮಸ್ಸು ಬಂದು ನಮ್ಮ ವಿದ್ಯೆಯನ್ನು ವರ್ಣಿಸಿದೆ. ಹೇಗೆ ಕೂರಬೇಕು, ಹೇಗೆ ತಿರುವಬೇಕು, ಎಲ್ಲ. ಹೇಳುತ್ತಾ ಹೋದಂತೆ ಅವರ ಮುಖ ಸಣ್ಣಗಾಗುತ್ತಾ ಹೋಯಿತು. ಸಿಕ್ಕಿಕೊಂಡ ಬಾಗಿಲನ್ನು ದಬ್ಬಿದರೆ ಬಾಗಿಲೇನೋ ತೆರೆಯುತ್ತದೆ, ಅಡಿಯಲ್ಲಿರುವ ಕಾಲೊರಸು ಏನಾಗಬೇಕು ಅಂದರು. ಒಂದೊಂದು ಕಟಕ್‌ಗೂ ಆ ಹರುಕು ಸ್ವಲ್ಪ ಸ್ವಲ್ಪವೇ ಉದ್ದವಾಗಿದೆ, ಅಂಚು ನಾರುನಾರಾಗಿದೆ. ಎಲ್ಲವೂ ನಾನೇ ನನ್ನ ಕೈಯಾರೆ ಮಾಡಿಕೊಂಡದ್ದು, ಚಪ್ಪಾಳೆ ನಿರೀಕ್ಷಿಸಿಕೊಂಡು. ಆಮೇಲೆ ಅವರು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: 'ಹರಿದಿರೋದು ರಕ್ತ ಓಡಾಡೋ ಅಂಚಿನ ಹತ್ರ. ಹೊಲಿದ್ರೆ ಕೂಡಿಕೊಳ್ಳೋ ಸಾಧ್ಯತೆ ಇನ್ನೂ ಇದೆ. ಅಲ್ಲಿಯವರೆಗೆ ಸಿಕ್ಕಿಕೊಂಡ್ರೆ ಸಿಕ್ಕಿಕೊಂಡೇ ಇರಲಿ, ಹಾಗೇ ಬನ್ನಿ. ನೀವು ಉಳಿಸಿದ್ರೆ ನಾನು ಹೊಲೀತೀನಿ.'

ಹೊಲಿಯಲು ಬಾರದಿದ್ದರೆ ಕತ್ತರಿಸುತ್ತಾರೆ. ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಕತ್ತರಿ. ಕತ್ತರಿಸಿದರೆ ಬೇಗ ಓಡಾಡಬಹುದು, ಪುಟ್ಟಿಯನ್ನೂ ಬೇಗ ಎತ್ತಿಕೊಳ್ಳಬಹುದು. ಮೊದಲು ಅದೇ ಚೆನ್ನ ಅನ್ನಿಸಿತು ನನಗೆ. ಆದರೆ ಹೋದ ಮೆತ್ತೆ ಮತ್ತೆ ಬೆಳೆಯುವುದಿಲ್ಲ. ಈ ವಯಸ್ಸಿಗೇ ದೊಡ್ಡ ತುಂಡು ಹೋದರೆ ಮುಂದೆ ಮೂಳೆಗೆ ಮೂಳೆ ತಾಗಿ ಸವೆಯುತ್ತದೆ, ಅವಳು ಶಾಲೆ ಮುಗಿಸುವಷ್ಟರಲ್ಲಿ ನಾನು ಗೋಡೆ ಹಿಡಿದು ನಡೆಯಬೇಕಾದೀತು. ಹೊಲಿದರೆ ಉಳಿಯುತ್ತದೆ, ಆದರೆ ವಾರಗಟ್ಟಲೆ ಕಾಲಿಗೆ ಪಟ್ಟಿ, ಕಂಕುಳಲ್ಲಿ ಊರುಗೋಲು, ಮಗುವನ್ನು ಎತ್ತುವ ಹಾಗಿಲ್ಲ. ಒಳಗೆ ನೋಡಿದ ಮೇಲೆಯೇ ಯಾವುದೆಂದು ಗೊತ್ತಾಗುವುದು. ಸೊಂಟದ ಕೆಳಗೆ ಮರಗಟ್ಟಿಸುತ್ತಾರಂತೆ, ಎಚ್ಚರವಾಗಿಯೇ ಇರುತ್ತೇನೆ, ಆದರೆ ನನ್ನ ಕಾಲು ನನ್ನದಲ್ಲ. ಕತ್ತರಿಯ ಸದ್ದು ಕೇಳಿಸುತ್ತದಾ ಅಂತ ಕೇಳಬೇಕೆಂದಿದ್ದೆ, ನಾಚಿಕೆಯಾಯಿತು.

ಈಗ ಗೊತ್ತಾಯಿತಲ್ಲ, ಕೈಗಳಿಗೆ ಕೆಲಸ ಯಾಕೆ ಬೇಕು ಅಂತ. ಡಾಕ್ಟರು ಹೇಳಿದ ದಿನದಿಂದ ಒಂದು ಸಲವೂ ಸಿಕ್ಕಿಕೊಂಡಿರಲಿಲ್ಲ. ಇಟ್ಟುಕೊಂಡು ಕಾದ ಹಾಗೆ ಇವತ್ತೇ ಆಗಬೇಕಿತ್ತಾ? ನೋವು ಇದೆ, ಆದರೆ ನೋವಲ್ಲ ನನ್ನ ಭಯ. ಪುಟ್ಟಿ ಐದಕ್ಕೆಲ್ಲ ಏಳುತ್ತಾಳೆ. ಎದ್ದವಳೇ ತೊಟ್ಟಿಲಿನ ಕಂಬಿ ಹಿಡಿದು ನಿಂತು ನನ್ನನ್ನು ನೋಡುತ್ತಾಳೆ. ಎತ್ತದಿದ್ದರೆ ಮೊದಲು ಕೆಳತುಟಿ ಹೊರಗೆ ಬರುತ್ತದೆ, ಆಮೇಲೆ ರಾಗ, ಆಮೇಲೆ ಒಂದು ಕಾಲು ಕಂಬಿಯ ಮೇಲೆ. ಈಚೆಗೆ ಹತ್ತಲು ಕಲಿತಿದ್ದಾಳಮ್ಮಾ. ತೊಟ್ಟಿಲು ಆ ಕಡೆಯ ಗೋಡೆಗೆ ತಾಗಿಕೊಂಡಿದೆ, ನಡುವೆ ಬರಿ ನೆಲ. ಕುಂಟಿಕೊಂಡು ಹೋಗೋಣವೆಂದು ಆಗಲೇ ಒಮ್ಮೆ ಕಾಲು ಕೆಳಗಿಟ್ಟೆ, ಕಣ್ಣಿಗೆ ಕತ್ತಲೆ ಬಂತು, ಮತ್ತೆ ಮಂಚ ಹತ್ತಿದೆ. ಅವಳು ಕಂಬಿ ಹತ್ತಿದರೆ ನಾನು ಸುಮ್ಮನೆ ಕೂತಿರುತ್ತೇನಾ? ನನ್ನ ಕೈ ನನ್ನನ್ನು ಕೇಳದೆ ಪಾದಕ್ಕೆ ಹೋಗುತ್ತದೆ. ಒಂದೇ ಒಂದು ತಿರುವು, ಒಂದೇ ಒಂದು ಒದೆತ, ಎದ್ದು ಓಡಬಹುದು. ಅಷ್ಟು ಸುಲಭ. ಅಷ್ಟು ಸುಲಭವಾಗಿರುವುದಕ್ಕೇ ಇಷ್ಟು ಹೆದರಿಕೆ.

ಆದ್ದರಿಂದ ನೀನು ಫೋನ್ ಮಾಡಬೇಕು. ನಾನು ಫೋನನ್ನು ಸ್ಪೀಕರಿಗೆ ಹಾಕಿ, ಬಟ್ಟೆ ಒಣಹಾಕುವ ಕೋಲಿನಿಂದ ತೊಟ್ಟಿಲ ಹತ್ತಿರಕ್ಕೆ ತಳ್ಳುತ್ತೇನೆ. ಕೋಲು ಮಂಚದ ಪಕ್ಕದಲ್ಲೇ ಇದೆ, ನೋಡಿಕೊಂಡೆ. ನಿನ್ನ ದನಿ ಕೇಳಿದರೆ ಅವಳು ಕೂತುಬಿಡುತ್ತಾಳೆ, ಅಜ್ಜಿ ಎಲ್ಲಿ ಅಡಗಿದ್ದಾಳೆ ಅಂತ ಹುಡುಕುತ್ತಾ. ಹಾಸ್ಟೆಲ್ ಹುಡುಗಿಯರನ್ನು ಬೈಯುವ ಹಾಗೆ ಏನಾದರೂ ಬೈಯುತ್ತಾ ಇರು, ಅವಳಿಗೆ ಅದೇ ಜೋಗುಳ. ಇವರು ಬೀಗ ತೆಗೆಯುವವರೆಗೆ ಮಾತಾಡಿದರೆ ಸಾಕು.

ತಮ್ಮನಿಗೆ ನಾನು ಬರೆದದ್ದು ಹೇಳಬೇಡ, ಅವನೂ ಗಾಬರಿಯಾಗುತ್ತಾನೆ. ನಿನ್ನ ಹುಡುಗಿಯರಿಗೆಲ್ಲ ನನ್ನ ಪ್ರೀತಿ ತಿಳಿಸು, ನೀನು ಆ ವಿದ್ಯೆ ಕಲಿಸಿದವರು ಯಾರಾದರೂ ಇದ್ದರೆ ಬಿಡಲು ಹೇಳು. ನಿನ್ನ ಕೈ ಒಮ್ಮೆ ನನ್ನ ತಲೆಯ ಮೇಲೆ ಇಟ್ಟಂತೆ ನೆನೆಸಿಕೊ, ನಾನೂ ನೆನೆಸಿಕೊಳ್ಳುತ್ತೇನೆ.

ನಿನ್ನ
ಗಾಬರಿರಾಣಿ

ಮರೆತಿದ್ದೆ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಡಾಕ್ಟರು ಕೊನೆಗೆ ಒಂದು ಕೇಳಿದರು, 'ನಿಮ್ಮ ತಾಯಿ ಈಗ ಹೇಗೆ ನಡೀತಾರೆ?' ಚೆನ್ನಾಗಿ ಅಂದೆ. ಹೊರಗೆ ಬಂದ ಮೇಲೆ ಕಣ್ಣಿಗೆ ಕಟ್ಟಿತು. ನೀನು ಮೆಟ್ಟಿಲು ಇಳಿಯುವುದು ಅಡ್ಡಡ್ಡಲಾಗಿ, ಏಡಿಯ ಹಾಗೆ, ಒಂದು ಕೈ ಗೋಡೆಗೆ. ವಾರ್ಡನ್ ಠೀವಿ ಅಂತ ನಾವು ತಮಾಷೆ ಮಾಡುತ್ತಿದ್ದೆವಲ್ಲ, ಅದು. ಹೋದ ಸಲ ಬಂದಾಗ ಬಚ್ಚಲೊಳಗಿಂದ ಕಟಕ್ ಕೇಳಿಸಿತು, ನಾನು ಕೇಳಿಸಿಕೊಂಡೆ. ನೀನು ನಗುತ್ತಾ ಹೊರಗೆ ಬಂದು ಪುಟ್ಟಿಯನ್ನೆತ್ತಿಕೊಂಡು ತಾರಸಿಗೆ ಹೋದೆ. ಈಗ ನನಗೆ ಹೊಲಿದರೆ, ವಾರಗಟ್ಟಲೆ ಅವಳನ್ನು ಎತ್ತಿಕೊಂಡು ಆ ಮೆಟ್ಟಿಲು, ಆ ತಿರುವು, ಆ ಕಂಬಿಯ ಪಕ್ಕ ಇಳಿಯುವವಳು ನೀನು. ನಿಜ ಹೇಳಮ್ಮಾ, ಈ ವಾರ ಎಷ್ಟು ಸಲ ಸಿಕ್ಕಿಕೊಂಡಿತು? ಇದನ್ನು ಕೇಳಿದರೆ ನೀನು ಬೇಜಾರು ಮಾಡಿಕೊಂಡು ಬರದೇ ಇರುತ್ತೀಯೇನೋ ಅಂತ ಇಷ್ಟು ಹಾಳೆ ಸುತ್ತಿಕೊಂಡು ಬಂದೆ. ಬಾ. ಖಂಡಿತ ಬಾ. ಆದರೆ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಳಿಯಬೇಡ, ಅದಕ್ಕೆ ಗಡಿಯಾರದ ಮಾಮನ ಮನೆಯವರನ್ನು ಕೇಳುತ್ತೇನೆ. ಮತ್ತೆ ನಿನ್ನದನ್ನೂ ಅದೇ ಡಾಕ್ಟರಿಗೆ ತೋರಿಸೋಣ. ಬಸ್ಸಿಗೆ ಹೊರಡುವ ಮುಂಚೆ ಮಂಚದ ಅಂಚಿನಲ್ಲಿ ಕೂತು ಕಾಲು ಒದೆಯಬೇಡ, ಸಿಕ್ಕಿಕೊಂಡರೆ ಹಾಗೇ ಬಾ, ಇಬ್ಬರೂ ಹಾಗೇ ಇರೋಣ.

ಪುಟ್ಟಿ ಮಗ್ಗುಲು ಬದಲಿಸಿದಳು. ಎದ್ದಿಲ್ಲ, ಆದರೆ ಬೆರಳು ಬಾಯಿಂದ ಹೊರಗೆ ಬಂದಿದೆ. ಇಲ್ಲಿಂದ ಅಕ್ಷರ ಸೊಟ್ಟಗಿದ್ದರೆ ಯಾಕೆ ಅಂತ ಕೇಳಬೇಡ, ಹಾಳೆ ಹಿಡಿಯಬೇಕಿದ್ದ ಎಡಗೈ ಪಾದದ ಮೇಲಿದೆ, ಯಾವಾಗ ಹೋಯಿತೋ ಗೊತ್ತಿಲ್ಲ. ಡಾಕ್ಟರು ಬೇಡ ಅಂದದ್ದು ಕಿವಿಗೆ ಹೋಗಿದೆ, ಕೈಗೆ ಹೋಗಿಲ್ಲ. ಇದನ್ನು ಕಲಿಸಿದವಳು ನೀನು, ಬೇಡ ಅನ್ನಬೇಕಾದವಳೂ ನೀನೇ. ಫೋಟೋ ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಾ ಕೂರಬೇಡ, ಈ ಕೊನೆಯ ಸಾಲು ಕಂಡ ಕೂಡಲೇ, ಬೆಳಗಾಗುವ ಮುಂಚೆ, ಫೋನ್ ಮಾಡಮ್ಮಾ. ಯಾರೂ ಹೋಗಿಲ್ಲ. ಫೋನ್ ಮಾಡು.